ಸಬ್‌ಮರೀನಿಗೆ ಸ್ಕಿನ್, ಬಂಪ್ ಮ್ಯಾಪ್: ಫೋಟೊ, ಕೈಕೆಲಸ, ಬ್ಲೆಂಡರ್ – ಯಾರಿಗೆ ಯಾವುದು?

ಹಳೇ ಪಿ.ಬಿ. ರಸ್ತೆಯ ಪಕ್ಕ ನಿಂತಿದ್ದ ಒಂದು ಟಿಪ್ಪರ್ ಲಾರಿಯ ಹಿಂಬಾಗಿಲಿನ ಫೋಟೊ ತೆಗೆದು, ಅದನ್ನೇ ಕಂಪ್ಯೂಟರ್ ಆಟದ ನನ್ನ ಮೊದಲ ಸಬ್‌ಮರೀನಿನ ಮೈಗೆ ಸ್ಕಿನ್ ಆಗಿ, ಅಂದರೆ ಹೊದಿಸುವ ಬಣ್ಣದ ಚಿತ್ರವಾಗಿ, ಹಾಕಿದ್ದೆ. ತುಕ್ಕು, ಗೀರು, ಮಾಸಿದ ಬಣ್ಣ, ಒಳಗಿನಿಂದ ಇಣುಕುವ ರೆಡ್ ಆಕ್ಸೈಡ್, ಎಲ್ಲವೂ ಅದರಲ್ಲಿತ್ತು. ಅದೇ ಫೋಟೊದಿಂದ ಒಂದೇ ಗುಂಡಿ ಒತ್ತಿ ಬಂಪ್ ಮ್ಯಾಪ್, ಅಂದರೆ ಮೈಯ ಉಬ್ಬು ತಗ್ಗು ತೋರಿಸುವ ಚಿತ್ರ, ಕೂಡ ತೆಗೆದೆ. ಆಟ ತೆರೆದು ನೋಡಿದರೆ, ಬಾಗಿಲ ಮೇಲೆ ಪೇಂಟರ್ ಬರೆದಿದ್ದ ಕಪ್ಪು ಅಕ್ಷರಗಳ ಅಳಿದುಳಿದ ಗೆರೆಗಳು ಉಳಿಯಿಂದ ಕೊರೆದ ಹಾಗೆ ಒಳಗೆ ಇಳಿದಿದ್ದವು. ತುಕ್ಕಿನ ಕಲೆಯೊಂದು ಗುಂಡಿಯಾಗಿತ್ತು. ಜಲ್ಲಿಕಲ್ಲು ಬಡಿದು ಆಗಿದ್ದ ನಿಜವಾದ ನೆಗ್ಗು ಮಾತ್ರ ಸಪಾಟಾಗಿ ಕಾಣುತ್ತಿತ್ತು.

ಕಾರಣ ಸರಳ. ಕಂಪ್ಯೂಟರಿಗೆ ಫೋಟೊದಲ್ಲಿ ಕಾಣುವುದು ಕಪ್ಪು ಬಿಳುಪು ಅಷ್ಟೆ. ಕಪ್ಪಿದ್ದರೆ ಆಳ, ಬೆಳ್ಳಗಿದ್ದರೆ ಎತ್ತರ ಅಂತ ಅದು ಲೆಕ್ಕ ಹಾಕುತ್ತದೆ. ಬಣ್ಣ ಯಾವುದು, ತಗ್ಗು ಯಾವುದು ಅಂತ ಬೇರೆ ಮಾಡುವ ಕೆಲಸ ನಮ್ಮದು. ದಾರಿ ಆರಿಸುವಾಗ, ಸಾಫ್ಟ್‌ವೇರ್ ಆರಿಸುವಾಗ ನಾನು ಇದೊಂದನ್ನೇ ಮುಂದಿಟ್ಟುಕೊಂಡು ನೋಡುತ್ತೇನೆ.

ನಾನಿರುವುದು ದಾವಣಗೆರೆಯಲ್ಲಿ. ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕು. ಆದರೂ ಈ ಕೆಲಸಕ್ಕೆ ಬೇಕಾದ ಕಬ್ಬಿಣ, ತುಕ್ಕು, ಬಿಸಿಲು ನಮ್ಮ ಸುತ್ತಮುತ್ತಲೇ ಧಾರಾಳವಾಗಿ ಸಿಗುತ್ತದೆ.

ಮೊದಲು ನಿಮ್ಮ ಆಟ ಯಾವುದು ನೋಡಿ

ಇಲ್ಲಿ ನಾನು ಹೆಚ್ಚಾಗಿ ಸೈಲೆಂಟ್ ಹಂಟರ್ ಅನ್ನುವ ಸಬ್‌ಮರೀನ್ ಆಟಗಳ ಸರಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಮೂರನೆಯದು 2005ರಲ್ಲಿ ಬಂತು, ನಾಲ್ಕನೆಯದು 2007ರಲ್ಲಿ, ಐದನೆಯದು 2010ರಲ್ಲಿ. ಮೂರರಲ್ಲಿ ಬಣ್ಣದ ಚಿತ್ರವೇ ಎಲ್ಲ. ನೆರಳು, ಬೆಸುಗೆ, ನೆಗ್ಗು ಏನಿದ್ದರೂ ಅದರ ಮೇಲೇ ಬರೆಯಬೇಕು. ನಾಲ್ಕರಲ್ಲಿ ನಾರ್ಮಲ್ ಮ್ಯಾಪಿಗೆ (ಬಂಪ್ ಮ್ಯಾಪಿನ ಹತ್ತಿರದ ನೆಂಟ, ಮುಂದೆ ಹೇಳುತ್ತೇನೆ) ಬೇರೆ ಜಾಗ ಇದೆ. ಫೈಲ್ ಹೆಸರಿನ ಕೊನೆಗೆ ಟಿ ಅಕ್ಷರ ಇದ್ದರೆ ಬಣ್ಣದ್ದು, ಎನ್ ಇದ್ದರೆ ನಾರ್ಮಲ್, ಒ ಇದ್ದರೆ ನೆರಳಿನದು. ಹಾಗಾಗಿ ಮೂರನೆಯದನ್ನು ಆಡುವವರು ಬಂಪ್ ಮ್ಯಾಪ್ ಬಗ್ಗೆ ತಲೆ ಕೆಡಿಸಿಕೊಳ್ಳುವ ಬದಲು ಒಳ್ಳೆಯ ಸ್ಕಿನ್ ಬರೆಯುವುದಕ್ಕೆ ಸಮಯ ಕೊಡುವುದು ಮೇಲು.

ಯಾವ ಆಟವಾದರೂ ಮೂಲ ಫೈಲನ್ನು ಬೇರೆ ಕಡೆ ಕಾಪಿ ಮಾಡಿಟ್ಟು ಆಮೇಲೆ ಕೈ ಹಾಕಿ. ಜೆಎಸ್‌ಜಿಎಂಇ ಅನ್ನುವ ಪುಟ್ಟ ಉಚಿತ ಸಾಧನ ಇದೆ. ನಿಮ್ಮ ಫೈಲುಗಳನ್ನು ಒಂದು ಕ್ಲಿಕ್ಕಿನಲ್ಲಿ ಹಾಕುತ್ತದೆ, ಇನ್ನೊಂದು ಕ್ಲಿಕ್ಕಿನಲ್ಲಿ ತೆಗೆದು ಹಳೆಯದನ್ನು ವಾಪಸ್ ಇಡುತ್ತದೆ.

ಬಂಪ್ ಮ್ಯಾಪಾ, ನಾರ್ಮಲ್ ಮ್ಯಾಪಾ?

ಎರಡೂ ಒಂದೇ ಅಂತ ಜನ ಮಾತಾಡುತ್ತಾರೆ. ಸ್ವಲ್ಪ ವ್ಯತ್ಯಾಸ ಇದೆ. ಚಿತ್ರದುರ್ಗದ ಕೋಟೆಗೆ ಹೋದವರಿಗೆ ಇದನ್ನು ಹೇಳುವುದು ಸುಲಭ. ಮಟ ಮಟ ಮಧ್ಯಾಹ್ನ ಬಂಡೆಯನ್ನು ನೋಡಿದರೆ ಬರೀ ಬೆಳ್ಳನೆಯ ಕಲ್ಲು. ಅದೇ ಬಂಡೆಯನ್ನು ಸಂಜೆ ಐದೂವರೆಗೆ, ಬಿಸಿಲು ಪಕ್ಕದಿಂದ ಬೀಳುವಾಗ ನೋಡಿ. ಕಲ್ಲು ಸೀಳಲು ಹೊಡೆದ ಬೆಣೆಯ ಗುಳಿಗಳು ಸಾಲಾಗಿ ಎದ್ದು ಕಾಣುತ್ತವೆ. ಉಳಿಯ ಒಂದೊಂದು ಪೆಟ್ಟಿಗೂ ಒಂದು ಕಡೆ ಬೆಳಕು, ಇನ್ನೊಂದು ಕಡೆ ನೆರಳು. ಕಲ್ಲು ಬದಲಾಗಿಲ್ಲ, ಬೆಳಕು ಬೀಳುವ ಓರೆ ಬದಲಾಗಿದೆ. ಬಂಪ್ ಮ್ಯಾಪ್ ಮಾಡುವುದು ಇದನ್ನೇ. ಸಪಾಟಾದ ಮೈಯನ್ನು ಹಾಗೇ ಬಿಟ್ಟು, ಬೆಳಕು ಅದರ ಮೇಲೆ ಹೇಗೆ ವಾಲಬೇಕು ಅನ್ನುವುದನ್ನು ಮಾತ್ರ ಬದಲಿಸುತ್ತದೆ. ಜೇಮ್ಸ್ ಬ್ಲಿನ್ 1978ರಲ್ಲಿ ತೋರಿಸಿಕೊಟ್ಟ ಉಪಾಯ ಇದು.

ಬಂಪ್ ಮ್ಯಾಪ್ ಅಂದರೆ ಬರೀ ಕಪ್ಪು ಬಿಳುಪಿನ ಎತ್ತರದ ಚಿತ್ರ. ನಾರ್ಮಲ್ ಮ್ಯಾಪಿನಲ್ಲಿ ಮೈ ಯಾವ ಕಡೆಗೆ ಎಷ್ಟು ವಾಲಿದೆ ಅನ್ನುವುದನ್ನು ಕೆಂಪು, ಹಸಿರು, ನೀಲಿಯಲ್ಲಿ ಬರೆದಿಟ್ಟಿರುತ್ತಾರೆ. ಪೂರ್ತಿ ಸಪಾಟು ಅಂದರೆ 128, 128, 255. ಅದಕ್ಕೇ ಅದು ಯಾವಾಗಲೂ ತಿಳಿ ನೇರಳೆ ಬಣ್ಣದಲ್ಲಿ ಕಾಣುವುದು. ಆಟ ಕೇಳುವುದು ಸಾಮಾನ್ಯವಾಗಿ ನಾರ್ಮಲ್ ಮ್ಯಾಪನ್ನೇ. ಆದರೆ ನೀವು ಕೂತು ಬರೆಯಬೇಕಾದದ್ದು ಕಪ್ಪು ಬಿಳುಪಿನ ಚಿತ್ರವನ್ನು. ನೇರಳೆ ಚಿತ್ರದ ಮೇಲೆ ನೇರವಾಗಿ ಬ್ರಷ್ ಆಡಿಸಬೇಡಿ. ಅಲ್ಲಿ ಕಣ್ಣಿಗೆ ಚೆನ್ನಾಗಿ ಕಂಡ ಬಣ್ಣ ಆಟದಲ್ಲಿ ತಪ್ಪು ಇಳಿಜಾರು ಆಗಿರುತ್ತದೆ.

2048 ಸಾಕಾ, 4096 ಬೇಕಾ?

ಈ ಲೆಕ್ಕ ಹಾಕದೆ ಕೆಲಸ ಶುರು ಮಾಡಿದವರು ರಾತ್ರಿಗಟ್ಟಲೆ ಶ್ರಮ ಹಾಳು ಮಾಡಿಕೊಳ್ಳುತ್ತಾರೆ. ನಾನೂ ಮಾಡಿಕೊಂಡಿದ್ದೇನೆ. ಜರ್ಮನ್ನರ ಏಳನೇ ಸಿ ಮಾದರಿಯ ಯು-ಬೋಟ್ 67.1 ಮೀಟರ್ ಉದ್ದ. ಅದರ ಪೂರ್ತಿ ಉದ್ದ ಒಂದೇ ಚಿತ್ರದ ಅಗಲಕ್ಕೆ ಹರಡಿದೆ ಅಂದುಕೊಳ್ಳಿ. ಚಿತ್ರ 2048 ಚುಕ್ಕೆ (ಪಿಕ್ಸೆಲ್) ಇದ್ದರೆ ಒಂದು ಚುಕ್ಕೆ ಸುಮಾರು 3.3 ಸೆಂಟಿಮೀಟರ್. ನಮ್ಮ ಹತ್ತು ರೂಪಾಯಿ ನಾಣ್ಯದ ಅಗಲ 2.7 ಸೆಂಟಿಮೀಟರ್. ಅಂದರೆ ಒಂದೊಂದು ಚುಕ್ಕೆಯೂ ಆ ನಾಣ್ಯಕ್ಕಿಂತ ದೊಡ್ಡದು. ಇನ್ನು ಅದರಲ್ಲಿ ರಿವೆಟ್ ತಲೆ ಎಲ್ಲಿ ಕೂರಿಸುವುದು? 4096 ಆದರೆ ಚುಕ್ಕೆ 1.6 ಸೆಂಟಿಮೀಟರ್. ಆಗ ಬೆಸುಗೆಯ ಗೆರೆಗೆ ಒಂದು ಜಾಗ ಸಿಗುತ್ತದೆ. ಮೈಯನ್ನು ಮುಂದೆ ಹಿಂದೆ ಅಂತ ಎರಡು ತುಂಡು ಮಾಡಿ ಹಾಸಿದ್ದರೆ 2048ರಲ್ಲೇ ಇಷ್ಟು ಸೂಕ್ಷ್ಮ ಬರುತ್ತದೆ. ನಿಮ್ಮ ಆಟದ ಮೂಲ ಚಿತ್ರ ತೆರೆದು, ಮೈ ಹೇಗೆ ಹಾಸಿದ್ದಾರೆ ನೋಡಿ, ಸ್ಕೇಲ್ ಹಿಡಿದ ಹಾಗೆ ಒಮ್ಮೆ ಅಳೆಯಿರಿ.

ರಿವೆಟ್ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸಬ್‌ಮರೀನ್ ಅಂದ ಕೂಡಲೇ ಎಲ್ಲರೂ ಮೈತುಂಬ ರಿವೆಟ್ ಸಾಲು ಹಾಕುತ್ತಾರೆ. ಏಳನೇ ಮಾದರಿಯ ಒಳ ಒಡಲು ಬೆಸುಗೆ ಹಾಕಿ ಕಟ್ಟಿದ್ದು. ಕಣ್ಣಿಗೆ ಮೊದಲು ಕಾಣಬೇಕಾದದ್ದು ತಗಡು ತಗಡು ಸೇರುವ ಬೆಸುಗೆ ಗೆರೆ, ನೀರು ಒಳಗೆ ಹೊರಗೆ ಹರಿಯುವ ಉದ್ದುದ್ದ ಕಂಡಿಗಳ ಸಾಲು, ಮತ್ತು ಅಲೆ ಹೊಡೆದು ಹೊಡೆದು ಒಳಗಿನ ಪಟ್ಟಿಗಳ ನಡುವೆ ಸ್ವಲ್ಪವೇ ಒಳಸೇರಿದ ತೆಳು ತಗಡು. ಬಡಕಲು ಎತ್ತಿನ ಪಕ್ಕೆಲುಬು ಕಾಣುತ್ತದಲ್ಲ, ಹಾಗೆ. ಈ ಪಕ್ಕೆಲುಬು ಬಂದರೆ ಹಡಗಿಗೆ ಜೀವ ಬರುತ್ತದೆ.

ಕಂಪ್ಯೂಟರ್ ಮೆಮೊರಿಯ ಲೆಕ್ಕವನ್ನೂ ಮರೆಯಬೇಡಿ. ಒತ್ತಡ ಹಾಕದ (ಕಂಪ್ರೆಸ್ ಮಾಡದ) 2048ರ ಚಿತ್ರ ಆಲ್ಫಾ (ಮೂರು ಬಣ್ಣಗಳ ಜೊತೆಗಿನ ನಾಲ್ಕನೇ ಚಾನೆಲ್) ಸೇರಿ 16 ಎಂಬಿ. 4096 ಆದರೆ 64 ಎಂಬಿ. ಅದೇ 4096ರ ಚಿತ್ರ, ಒತ್ತಡ ಹಾಕುವ ವಿಧಾನಗಳಾದ ಡಿಎಕ್ಸ್‌ಟಿ5ರಲ್ಲಿ 16, ಡಿಎಕ್ಸ್‌ಟಿ1ರಲ್ಲಿ 8. ಮಿಪ್‌ಮ್ಯಾಪ್ (ದೂರದಿಂದ ನೋಡುವಾಗ ಬಳಸುವ ಚಿಕ್ಕ ಪ್ರತಿಗಳು) ಸೇರಿಸಿದರೆ ಇದರ ಮೇಲೆ ಮೂರನೇ ಒಂದು ಪಾಲು ಜಾಸ್ತಿ. ಸೈಲೆಂಟ್ ಹಂಟರ್ 3, 4 ಎರಡೂ 32 ಬಿಟ್ ಆಟಗಳು. ಲ್ಯಾಪ್‌ಟಾಪಿನಲ್ಲಿ 16 ಜಿಬಿ ರ್‍ಯಾಮ್ ಇದ್ದರೂ ಅಷ್ಟನ್ನೂ ಬಳಸಲು ಅವಕ್ಕೆ ಆಗುವುದಿಲ್ಲ. ನಿಮ್ಮ ಸ್ವಂತ ಸಬ್‌ಮರೀನಿಗೆ 4096 ಕೊಡಿ, ದಿನವಿಡೀ ನೋಡುವುದು ಅದನ್ನೇ ಅಲ್ವಾ. ದೂರದಲ್ಲಿ ಸಾಗುವ ಬೇರೆ ಹಡಗುಗಳಿಗೆ 1024 ಸಾಕು.

ಫೋಟೊದಿಂದ ಮಾಡುವುದು

ವೇಗ ಬೇಕು ಅನ್ನುವವರಿಗೆ ಇದು. ಮೆಟೀರಿಯಲೈಜ್ ಅನ್ನುವ ಉಚಿತ ಸಾಫ್ಟ್‌ವೇರ್ ಒಂದು ಫೋಟೊ ಕೊಟ್ಟರೆ ಎತ್ತರ, ನಾರ್ಮಲ್, ನೆರಳು ಎಲ್ಲ ತೆಗೆದುಕೊಡುತ್ತದೆ. ಹತ್ತು ನಿಮಿಷದ ಕೆಲಸ. ಆದರೆ ನನ್ನ ಟಿಪ್ಪರ್ ಬಾಗಿಲಿಗೆ ಆದ ಗತಿಯೇ ಇಲ್ಲೂ ಆಗುತ್ತದೆ. ಕಪ್ಪು ಕಲೆ ಹಳ್ಳವಾಗುತ್ತದೆ.

ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ ಫೋಟೊ ಬಳಸಿ. ಬಂಪಿಗೆ ಅದರ ಪಾಲು ಹತ್ತು ಹದಿನೈದು ಪರ್ಸೆಂಟ್ ಮೀರದಿರಲಿ. ಬಣ್ಣ ಏರಿದ ಕಬ್ಬಿಣದ ಸಣ್ಣ ತರಿ ಬರುವುದಕ್ಕೆ ಅಷ್ಟು ಸಾಕು. ಸ್ಕಿನ್ನಿನ ಬಣ್ಣಕ್ಕೆ ಮಾತ್ರ ಧಾರಾಳವಾಗಿ ಬಳಸಬಹುದು. ಅಲ್ಲಿ ಫೋಟೊಗೆ ಸಾಟಿ ಇಲ್ಲ.

ತೆಗೆಯುವ ಹೊತ್ತು ಮುಖ್ಯ. ಏಪ್ರಿಲ್ ಬಿಸಿಲಿನಲ್ಲಿ ತೆಗೆದರೆ ನೆರಳು ಫೋಟೊದೊಳಗೇ ಕೂತುಬಿಡುತ್ತದೆ. ಆಟದ ಸೂರ್ಯ ಎಡಕ್ಕಿದ್ದರೂ ನಿಮ್ಮ ಸ್ಕಿನ್ನಿನ ನೆರಳು ಬಲದ ಸೂರ್ಯನ ಕಥೆ ಹೇಳುತ್ತಿರುತ್ತದೆ. ಜುಲೈ, ಆಗಸ್ಟಿನ ಮೋಡ ಕವಿದ ದಿನ ಫೋನ್ ಹಿಡಿದು ಹೊರಡಿ. ಟ್ಯಾಂಕರ್, ರೋಲಿಂಗ್ ಶಟರ್, ಗುಜರಿ ಅಂಗಡಿಯ ತಗಡು ಯಾವುದಾದರೂ ಆದೀತು. ಮಾಲೀಕರನ್ನು ಒಂದು ಮಾತು ಕೇಳಿ ತೆಗೆಯಿರಿ. ಮಳೆಗಾಲದಲ್ಲಿ ಹಳೇ ಗೇಟಿನ ಕೀಲಿನ ಕೆಳಗೆ ತುಕ್ಕು ಹೇಗೆ ಇಳಿದಿದೆ ಗಮನಿಸಿ. ಮೇಲೆ ದಟ್ಟ, ಕೆಳಗೆ ಬರುತ್ತಾ ತೆಳು, ನೀರು ಹರಿದ ದಾರಿಯಲ್ಲೇ ನೇರ ಗೆರೆ. ಸಬ್‌ಮರೀನಿನ ಕಂಡಿಗಳ ಕೆಳಗೂ ತುಕ್ಕು ಇಳಿಯುವುದು ಹೀಗೆಯೇ.

ನಿಜವಾದ ಹಡಗು ನೋಡಬೇಕೆಂದರೆ ಎರಡು ಆಯ್ಕೆ. ನಮಗೆ ಹತ್ತಿರದ್ದು ಕಾರವಾರ. ಅಲ್ಲಿನ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪಲ್ ಅನ್ನುವ ಕ್ಷಿಪಣಿ ದೋಣಿಯನ್ನು ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ಸಬ್‌ಮರೀನ್ ಅಲ್ಲ, ಆದರೆ ಉಪ್ಪು ಗಾಳಿ ತಿಂದ ನೌಕಾಪಡೆಯ ಉಕ್ಕಿನ ತಗಡು ಹೇಗಿರುತ್ತದೆ ಅಂತ ತಿಳಿಯುತ್ತದೆ. ಸಬ್‌ಮರೀನೇ ಬೇಕು ಅಂದರೆ ವಿಶಾಖಪಟ್ಟಣದ ಕಡಲತೀರದಲ್ಲಿ ಐಎನ್‌ಎಸ್ ಕುರ್ಸುರ ಇದೆ. ರಷ್ಯಾದವರು ಕಟ್ಟಿದ್ದು, 91.3 ಮೀಟರ್ ಉದ್ದ. 1969ರಲ್ಲಿ ಸೇವೆಗೆ ಬಂದು 2001ರಲ್ಲಿ ನಿವೃತ್ತಿಯಾಯಿತು. ಒಳಗೆ ಹೋಗುವ ಮೊದಲು ಹೊರಗೆ ನಿಂತು, ಅದರ ಮೈಯ ಮೇಲೆ ಬೆಳಕು ಹೇಗೆ ಜಾರುತ್ತದೆ ಅಂತ ಐದು ನಿಮಿಷ ನೋಡಿ.

ಕೈಯಿಂದ ಬರೆಯುವುದು: ನನ್ನ ಆಯ್ಕೆ

ಸಬ್‌ಮರೀನ್ ಮನುಷ್ಯರ ಮುಖದ ಹಾಗಲ್ಲ. ತಗಡು, ಗೆರೆ, ಕಂಡಿ, ನೆಗ್ಗು, ಇಷ್ಟೇ. ಇದನ್ನು ಕಪ್ಪು ಬಿಳುಪಿನಲ್ಲಿ ಬರೆಯಲು ದೊಡ್ಡ ಚಿತ್ರಕಾರ ಆಗಬೇಕಿಲ್ಲ. ತಾಳ್ಮೆ ಇದ್ದರೆ ಎರಡು ಭಾನುವಾರದಲ್ಲಿ ಮುಗಿಯುತ್ತದೆ. ಯಾವುದು ಎತ್ತರ, ಯಾವುದು ತಗ್ಗು ಅನ್ನುವುದು ಪೂರ್ತಿ ನಿಮ್ಮ ಕೈಯಲ್ಲೇ ಇರುತ್ತದೆ.

ನಾನು ಮಾಡುವ ಕ್ರಮ ಹೀಗಿದೆ. ಗಿಂಪ್ ಅನ್ನುವ ಉಚಿತ ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ ಮೂಲ ಸ್ಕಿನ್ ತೆರೆದು, ಅದರ ಮೇಲೆ 128ರ (0 ಅಂದರೆ ಕಪ್ಪು, 255 ಅಂದರೆ ಬಿಳುಪು) ಬೂದು ಬಣ್ಣದ ಒಂದು ಪದರ ಹಾಕುತ್ತೇನೆ. ಇದೇ ಸಪಾಟು ಮೈ. ಕೆಳಗಿನ ಸ್ಕಿನ್ ಕಾಣುವಷ್ಟು ಅದನ್ನು ತೆಳು ಮಾಡಿ, ಗೆರೆಗಳ ಜಾಗ ಗುರುತು ಮಾಡಿಕೊಳ್ಳುತ್ತೇನೆ. ಬೆಸುಗೆಗೆ ಒಂದೆರಡು ಚುಕ್ಕೆ ಅಗಲದ ಗೆರೆ, ಬಣ್ಣ 140ರ ಆಸುಪಾಸು, ಆಮೇಲೆ ಸ್ವಲ್ಪವೇ ಬ್ಲರ್. ಅಕ್ಕಪಕ್ಕದ ತಗಡುಗಳಿಗೆ 126, 130 ಅಂತ ಬೇರೆ ಬೇರೆ ಬೂದು ಕೊಟ್ಟರೆ ಒಂದರ ಅಂಚು ಇನ್ನೊಂದರ ಮೇಲೆ ಕೂತ ಹಾಗೆ ಕಾಣುತ್ತದೆ. ಕಂಡಿಗಳಿಗೆ 60. ಪಕ್ಕೆಲುಬಿಗೆ ದೊಡ್ಡ ಮೆತ್ತನೆಯ ಬ್ರಷ್, 120ರ ಬೂದು, ಮೇಲಿನಿಂದ ಕೆಳಕ್ಕೆ ಉದ್ದುದ್ದ ಎಳೆತ. ಎಲ್ಲ ಒಂದೇ ಸಮ ಇರಬಾರದು. ಮೂಗಿನ ಕಡೆ ಜಾಸ್ತಿ, ನಡುವೆ ಕಡಿಮೆ. ಕೆಲವನ್ನು ಬಿಟ್ಟೇಬಿಡಿ.

ಇಲ್ಲಿ ಒಂದು ಮುಖ್ಯ ವಿಷಯ. 8 ಬಿಟ್ ಚಿತ್ರದಲ್ಲಿ 120ರಿಂದ 128ಕ್ಕೆ ಏರಲು ಇರುವುದು ಎಂಟೇ ಮೆಟ್ಟಿಲು. ಕಪ್ಪು ಬಿಳುಪಿನಲ್ಲಿ ಅದು ನುಣುಪಾಗೇ ಕಾಣುತ್ತದೆ. ನಾರ್ಮಲ್ ಮ್ಯಾಪ್ ಆದ ಕೂಡಲೇ ಹೊಲದ ಬದುವಿನ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಎದ್ದು ಬರುತ್ತದೆ. ನನ್ನ ಎರಡನೇ ಪ್ರಯತ್ನ ಕೆಟ್ಟದ್ದು ಇದರಿಂದಲೇ. ಎಷ್ಟು ಬ್ಲರ್ ಮಾಡಿದರೂ ಹೋಗಲಿಲ್ಲ. ಬ್ರಷ್ ಹಿಡಿಯುವ ಮೊದಲೇ ಇಮೇಜ್ ಮೆನುವಿನ ಪ್ರಿಸಿಷನ್‌ಗೆ ಹೋಗಿ 16 ಬಿಟ್ ಅಥವಾ 32 ಬಿಟ್ ಮಾಡಿಕೊಳ್ಳಿ. ಬರೆದು ಮುಗಿದ ಮೇಲೆ ಮಾಡಿದರೆ ಏನೂ ಉಪಯೋಗವಿಲ್ಲ.

ಎಲ್ಲ ಮುಗಿದ ಮೇಲೆ ಫಿಲ್ಟರ್ಸ್, ಜೆನೆರಿಕ್, ನಾರ್ಮಲ್ ಮ್ಯಾಪ್. ಫೋಟೊದ ತರಿ ಸೇರಿಸುವುದಿದ್ದರೆ ಇದಕ್ಕೂ ಮೊದಲೇ, ಕಪ್ಪು ಬಿಳುಪಿನಲ್ಲೇ ಸೇರಿಸಿ. ಎರಡು ನೇರಳೆ ಚಿತ್ರಗಳನ್ನು ಒಂದರ ಮೇಲೊಂದು ಸುಮ್ನೆ ಇಟ್ಟರೆ ಇಳಿಜಾರಿನ ಲೆಕ್ಕ ತಪ್ಪುತ್ತದೆ.

ಬ್ಲೆಂಡರಿನಲ್ಲಿ ಬೇಕ್ ಮಾಡುವುದು

ಹಡಗಿನ ಸೂಕ್ಷ್ಮ ಮಾದರಿಯೊಂದನ್ನು ಮೂರು ಆಯಾಮದಲ್ಲಿ ಕಟ್ಟಿ, ಅದರ ಉಬ್ಬು ತಗ್ಗನ್ನು ಆಟದ ಸರಳ ಮಾದರಿಯ ಮೇಲೆ ಇಳಿಸುವುದು. ಈ ಮೂರು ದಾರಿಗಳಲ್ಲಿ ಅತ್ಯಂತ ನಿಖರವಾದದ್ದು ಇದೇ. ಸೈಲೆಂಟ್ 3ಡಿಟರ್ ಅನ್ನುವ ಸಾಧನ ಬಳಸಿ ಆಟದ ಮಾದರಿಯನ್ನು ಒಬಿಜೆ ಫೈಲಾಗಿ ಹೊರತೆಗೆದು ಬ್ಲೆಂಡರಿಗೆ ತರಬಹುದು. ಬ್ಲೆಂಡರ್ ಉಚಿತ 3ಡಿ ಸಾಫ್ಟ್‌ವೇರ್. ಆದರೆ ಅದನ್ನು ಕಲಿಯುವುದಕ್ಕೇ ತಿಂಗಳುಗಳು ಬೇಕು. ಈಗಾಗಲೇ ಬಲ್ಲವರು, ಎಂಜಿನಿಯರಿಂಗ್ ಓದುತ್ತಾ ಕ್ಯಾಡ್ ಪಳಗಿಸಿಕೊಂಡವರು ಧೈರ್ಯವಾಗಿ ಹೋಗಿ. ಉಳಿದವರು ಕಾನಿಂಗ್ ಟವರ್ (ಸಬ್‌ಮರೀನಿನ ಮೇಲಿನ ಗೋಪುರ) ಒಂದಕ್ಕೆ ಮಾತ್ರ ಪ್ರಯತ್ನಿಸಿ. ಮುಚ್ಚಳ, ಹಿಡಿಕೆ, ಪೈಪು ಅಂತ ದುಂಡನೆಯ ಭಾಗಗಳು ಅಲ್ಲೇ ಜಾಸ್ತಿ. ದುಂಡನೆಯದನ್ನು ಕೈಯಲ್ಲಿ ಬರೆಯುವುದು ಕಷ್ಟ.

ಸಬ್‌ಸ್ಟೆನ್ಸ್ ಪೇಂಟರ್ ಬಗ್ಗೆಯೂ ಕೇಳುತ್ತಾರೆ. ಬಹಳ ಒಳ್ಳೆಯ ಸಾಫ್ಟ್‌ವೇರ್. ದುಡ್ಡು ಕೊಡಬೇಕು, ಗ್ರಾಫಿಕ್ಸ್ ಕಾರ್ಡ್ ಗಟ್ಟಿ ಇರಬೇಕು. ಅದರ ನಿಜವಾದ ಶಕ್ತಿ ಇರುವುದು ಲೋಹ ಎಷ್ಟು ಹೊಳೆಯುತ್ತದೆ, ಎಷ್ಟು ಒರಟಾಗಿದೆ ಅನ್ನುವ ಬೇರೆ ಬೇರೆ ಚಿತ್ರಗಳಲ್ಲಿ. ಹಳೆಯ ಆಟ ಅವನ್ನು ಓದುವುದೇ ಇಲ್ಲ. ಹೊಸ ಆಟಕ್ಕಾದರೆ ತೆಗೆದುಕೊಳ್ಳಿ.

ಗಿಂಪ್, ಕ್ರಿಟ, ಫೋಟೊಶಾಪ್

ಹೊಸಬರಿಗೆ ಗಿಂಪ್. ಆಟದ ಚಿತ್ರಗಳಿರುವ ಡಿಡಿಎಸ್ ಫೈಲ್ ತೆರೆಯುವುದು, ಉಳಿಸುವುದು, ನಾರ್ಮಲ್ ಮ್ಯಾಪ್ ಮಾಡುವುದು ಮೂರೂ ಅದರಲ್ಲೇ ಇದೆ. ಪೆನ್ ಟ್ಯಾಬ್ಲೆಟ್ ಇದ್ದು ಕೈಯಲ್ಲಿ ಬರೆಯುವ ಅಭ್ಯಾಸ ಇರುವವರಿಗೆ ಕ್ರಿಟ ಹೆಚ್ಚು ಹಿಡಿಸುತ್ತದೆ. ಎತ್ತರದ ಚಿತ್ರವನ್ನು ನಾರ್ಮಲ್ ಮಾಡುವ ಫಿಲ್ಟರ್ ಅದರಲ್ಲೂ ಇದೆ, ಬ್ರಷ್ ಇನ್ನೂ ಚೆನ್ನಾಗಿದೆ. ಫ್ಲೆಕ್ಸ್ ಅಂಗಡಿಯಲ್ಲೋ ಸ್ಟುಡಿಯೋದಲ್ಲೋ ಕೆಲಸ ಮಾಡುತ್ತಾ ಫೋಟೊಶಾಪ್ ಕೈಗೆ ಹತ್ತಿದ್ದರೆ ಬಿಡಬೇಡಿ. ಎನ್‌ವಿಡಿಯಾದವರ ಉಚಿತ ಪ್ಲಗಿನ್ ಹಾಕಿಕೊಂಡರೆ ಡಿಡಿಎಸ್ ಕೂಡ ಬರುತ್ತದೆ. ಈ ಕೆಲಸಕ್ಕೆಂದೇ ತಿಂಗಳು ತಿಂಗಳು ದುಡ್ಡು ಕಟ್ಟಿ ಕೊಳ್ಳುವುದು ಮಾತ್ರ ಬೇಡ. ಪೇಂಟ್ ಡಾಟ್ ನೆಟ್ ಬಣ್ಣ ತಿದ್ದುವುದಕ್ಕೆ ಸಾಕು, ಬಂಪಿಗೆ ಸಾಲದು.

ಉಳಿಸುವಾಗ

ಡಿಎಕ್ಸ್‌ಟಿ1 ಚಿತ್ರವನ್ನು ನಾಲ್ಕು ಚುಕ್ಕೆ ಉದ್ದ, ನಾಲ್ಕು ಅಗಲದ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕಕ್ಕೂ ಎರಡೇ ಮೂಲ ಬಣ್ಣ ಇಟ್ಟುಕೊಳ್ಳುತ್ತದೆ. ಕೆಂಪಿಗೆ 5 ಬಿಟ್, ಹಸಿರಿಗೆ 6, ನೀಲಿಗೆ 5. ಬೂದು ಬಣ್ಣದ, ತುಕ್ಕು ಹಿಡಿದ ಸ್ಕಿನ್ನಿಗೆ ಇದು ನಡೆಯುತ್ತದೆ. ನಾರ್ಮಲ್ ಮ್ಯಾಪಿಗೆ ನಡೆಯುವುದಿಲ್ಲ. ನೀವು ಕಷ್ಟಪಟ್ಟು ಎಳೆದ ಪಕ್ಕೆಲುಬು ಚೌಕ ಚೌಕವಾಗಿ ಒಡೆಯುತ್ತದೆ. ಅದಕ್ಕೆ ಒತ್ತಡ ಹಾಕದ ಡಿಡಿಎಸ್ ಕೊಡಿ. ಜಾಗ ಕಡಿಮೆ ಮಾಡಲೇಬೇಕು ಅಂದರೆ 4096ರ ಚಿತ್ರಕ್ಕೆ ಒತ್ತಡ ಹಾಕುವ ಬದಲು 2048ರ ಚಿತ್ರವನ್ನು ಒತ್ತಡವಿಲ್ಲದೆ ಇಡಿ. ಜಾಗ ಡಿಎಕ್ಸ್‌ಟಿ5ರ 4096ರಷ್ಟೇ ಆಗುತ್ತದೆ, ಮೈ ಮಾತ್ರ ನುಣುಪಾಗಿ ಬರುತ್ತದೆ. ಮಿಪ್‌ಮ್ಯಾಪ್ ಟಿಕ್ ಮಾಡುವುದನ್ನು ಮರೆತರೆ ದೂರದಿಂದ ಹಡಗು ಮಿಣಿಮಿಣಿ ಅನ್ನುತ್ತದೆ. ಮೂಲ ಫೈಲಿನಲ್ಲಿ ಆಲ್ಫಾ ಚಾನೆಲ್ ಇತ್ತಾ ನೋಡಿ. ಇದ್ದರೆ ಅದನ್ನು ಹಾಗೇ ಉಳಿಸಿಕೊಳ್ಳಿ, ಕೆಲವು ಆಟಗಳು ಹೊಳಪನ್ನು ಅಲ್ಲೇ ಇಟ್ಟಿರುತ್ತವೆ.

ಹೆಸರು, ಲಾಂಛನ ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. ಬಹಳ ಮಾದರಿಗಳಲ್ಲಿ ಎಡಬಲ ಎರಡೂ ಮೈಗೆ ಒಂದೇ ಚಿತ್ರ ಹಂಚಿರುತ್ತಾರೆ. ಹಾಗಾಗಿ ಒಂದು ಕಡೆ ಸರಿಯಾಗಿ ಕಂಡ ಅಕ್ಷರ ಇನ್ನೊಂದು ಕಡೆ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುತ್ತದೆ. ಮೊದಲು ಒಂದು ಬಾಣದ ಗುರುತು ಹಾಕಿ ಪರೀಕ್ಷಿಸಿ. ಅಂದ ಹಾಗೆ, ಯುದ್ಧ ಶುರುವಾದ ಮೇಲೆ ಯು-ಬೋಟ್‌ಗಳ ಗೋಪುರದ ಮೇಲಿನ ನಂಬರನ್ನು ಅಳಿಸಿದ್ದರು. ಉಳಿದದ್ದು ಯು-47ರ ಬುಸುಗುಟ್ಟುವ ಗೂಳಿಯಂಥ ಲಾಂಛನಗಳು.

ಕೊನೆಯದು ನಾರ್ಮಲ್ ಮ್ಯಾಪಿನ ಹಸಿರು ಚಾನೆಲ್. ಯೂನಿಟಿ ಅನ್ನುವ ಗೇಮ್ ಎಂಜಿನ್ ಮೇಲೆ ಕಟ್ಟಿದ ಆಟಗಳು ಅದನ್ನು ಒಂದು ದಿಕ್ಕಿನಲ್ಲಿ ಓದುತ್ತವೆ, ಅನ್‌ರಿಯಲ್ ಎಂಜಿನ್ನಿನವು ಅದರ ತಿರುವುಮುರುವು. ತಪ್ಪಿದರೆ ಉಬ್ಬು ತಗ್ಗಾಗುತ್ತದೆ, ತಗ್ಗು ಉಬ್ಬಾಗುತ್ತದೆ. ಕಪ್ಪು ಬಿಳುಪಿನ ಚಿತ್ರದಲ್ಲಿ ಮೈಯ ಒಂದು ಮೂಲೆಗೆ ಬಿಳಿಯ ದುಂಡನೆಯ ಗುಬ್ಬಿಯೊಂದನ್ನು (ಗುಂಡನೆಯ ಉಬ್ಬು) ಬರೆದು, ನಾರ್ಮಲ್ ಮ್ಯಾಪ್ ತೆಗೆದು, ಮುಂಜಾನೆ ಶುರುವಾಗುವ ಒಂದು ಮಿಷನ್ ತೆರೆಯಿರಿ. ಗುಬ್ಬಿಯ ಸೂರ್ಯನ ಕಡೆಯ ಅರ್ಧ ಬೆಳ್ಳಗಿದ್ದರೆ ಸರಿ. ಇಲ್ಲದಿದ್ದರೆ ಗಿಂಪಿನ ಅದೇ ಫಿಲ್ಟರಿನಲ್ಲಿ ಫ್ಲಿಪ್ ವೈ ಟಿಕ್ ಮಾಡಿ ಮತ್ತೆ ತೆಗೆಯಿರಿ. ಆಮೇಲೆ ಗುಬ್ಬಿ ಅಳಿಸಿ, ಆಟದೊಳಗೆ ಮಧ್ಯಾಹ್ನ ಆಗುವವರೆಗೆ ಕಾಯಿರಿ. ಆಕಾಶಕ್ಕೆ ಮುಖ ಮಾಡಿದ ಮೇಲ್ಭಾಗದಲ್ಲಿ ಬೆಳಿಗ್ಗೆ ಎದ್ದು ಕಂಡ ಬೆಸುಗೆ ಗೆರೆ, ಪಕ್ಕೆಲುಬು ಈಗ ಬಹುಪಾಲು ಮರೆಯಾಗಬೇಕು, ದುರ್ಗದ ಬಂಡೆಯ ಹಾಗೆ. ನೆತ್ತಿಯ ಮೇಲಿನ ಬಿಸಿಲಿನಲ್ಲೂ ಅಷ್ಟೇ ಎದ್ದು ಕಾಣುತ್ತಿದ್ದರೆ, ಫಿಲ್ಟರಿನ ಸ್ಕೇಲನ್ನು ಅರ್ಧಕ್ಕೆ ಇಳಿಸಿ.